ಯುದ್ಧಕ್ಕೆ ಹುಟ್ಟಿದ ರಿವಾಲ್ವರ್

ಹಳೆಯ ಕೋವಿಗಳನ್ನು ಸಂಗ್ರಹಿಸುತ್ತಿದ್ದ ಪೊನ್ನಪ್ಪನವರ ಕಪಾಟಿನಲ್ಲಿ ಒಂದು ರಿವಾಲ್ವರ್ ಇತ್ತು. ನೂರೈವತ್ತು ವರ್ಷಗಳ ಹಿಂದೆ ಸೈನ್ಯಕ್ಕೆಂದೇ ತಯಾರಾಗಿ, ಉಗ್ರಾಣದಲ್ಲೇ ಉಳಿದು, ಒಂದು ಗುಂಡನ್ನೂ ಹಾರಿಸದೆ ಹೊಳೆಯುತ್ತಿತ್ತು.

"ದೂರ ನಿಲ್ಲು, ನಾನು ಯುದ್ಧಕ್ಕೆ ಹುಟ್ಟಿದವನು," ಎಂದು ಅದು ಯಜಮಾನರ ಚಪ್ಪಲಿಯನ್ನು ಗದರಿಸುತ್ತಿತ್ತು. ಚಪ್ಪಲಿಗೆ ಅದರ ಮೇಲೆ ಅಪಾರ ಭಕ್ತಿ.

ಒಂದು ದಿನ ಪೊನ್ನಪ್ಪನವರು ಚಪ್ಪಲಿ ಮೆಟ್ಟಿಕೊಂಡೇ ಕಪಾಟು ತೆರೆದಾಗ ಚೇಳೊಂದು ಒಳಗಿನಿಂದ ಹರಿದುಬಂತು.

"ಸೇನಾನಿಗಳೇ, ಶತ್ರು ಬಂದ! ಹೊಡೆಯಿರಿ!" ಎಂದಿತು ಚಪ್ಪಲಿ.

"ಗುಂಡೇ ಹಾರಿಸದ ಕೋವಿಯೆಂದೇ ನನಗಿಷ್ಟು ಬೆಲೆ; ಒಮ್ಮೆ ಹೊಡೆದರೂ ನನ್ನ ಮರ್ಯಾದೆ ಹೋಗುತ್ತದೆ. ನೀನೇ ಹೊಡೆ," ಎಂದಿತು ರಿವಾಲ್ವರ್.

ಚೇಳು ಯಜಮಾನರ ಪಾದದತ್ತ ಇಳಿಯಿತು. ಚಪ್ಪಲಿ ಹಿಂದೆಮುಂದೆ ನೋಡದೆ ಅದನ್ನು ಅರೆದುಹಾಕಿ, ಮೆಚ್ಚುಗೆಯ ಮಾತಿಗಾಗಿ ಕಾಯಿತು.

"ಸದ್ಯ, ನಿನಗೇನೂ ಆಗಲಿಲ್ಲವಲ್ಲ!" ಎನ್ನುತ್ತ ಪೊನ್ನಪ್ಪನವರು ರಿವಾಲ್ವರನ್ನು ರೇಷ್ಮೆ ಬಟ್ಟೆಯಿಂದ ಒರೆಸಿದರು. ಆಮೇಲೆ, ಗಲೀಜಾಯಿತೆಂದು ಚಪ್ಪಲಿಯನ್ನು ತಿಪ್ಪೆಗೆ ಎಸೆದರು.