ಚವರಿಯ ಎಡಗಾಲು

ಮಕ್ಕಳೇ, ಕುರುಚಲು ಕಾಡಿನ ನಡುವೆ ಒಂದು ಕೊಳ. ಕೊಳದಾಚೆ ಕಲ್ಲುಗುಡ್ಡ, ಗುಡ್ಡದಾಚೆ ಸೊಂಪಾದ ಹುಲ್ಲು. ಅಲ್ಲೊಂದು ಕುದುರೆಗಳ ಹಿಂಡಿತ್ತು. ಹಿಂಡಿನ ಮುಂದೆ ನಡೆಯುತ್ತಿದ್ದವಳು ಚವರಿ ಎಂಬ ಹೆಣ್ಣು ಕುದುರೆ. ಅವಳ ಜೀವದ ಗೆಳೆಯ ಬೂದ ಎಂಬ ಕತ್ತೆ. ಕುದುರೆಗಳ ನಡುವೆ ಕತ್ತೆಗೇನು ಕೆಲಸ ಅಂತ ನಗಬೇಡಿ. ಒಂಟಿಯಾಗಿ ಅಲೆಯುತ್ತಿದ್ದ ಅವನನ್ನು ಚವರಿಯೇ ಕರೆತಂದು ಸೇರಿಸಿಕೊಂಡಿದ್ದಳು.

ಆ ಹಿಂಡಿನಲ್ಲೊಂದು ಪದ್ಧತಿಯಿತ್ತು. ಮುಂದೆ ನಡೆಯುವವರ ಕಾಲು ಕುಂಟಿದರೆ, ಗುಣವಾಗುವ ತನಕ ಬೇರೆಯವರಿಗೆ ಜಾಗ ಬಿಟ್ಟು ಕೊಳದ ದಡದ ಮೆತ್ತನೆಯ ನೆಲದಲ್ಲಿ ಸುಮ್ಮನೆ ನಿಲ್ಲಬೇಕು. ಚವರಿಗೆ ಆ ಮಾತೆತ್ತಿದರೇ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬೂದ ಅವಳ ನಡಿಗೆ ನೋಡಿ ಹತ್ತಿರ ಬಂದ.

"ಚವರಿ, ಎಡ ಮುಂಗಾಲು ಊರಿದಾಗಲೆಲ್ಲ ನಿನ್ನ ತಲೆ ಮೇಲೇಳ್ತಿದೆ. ಆ ಕಾಲು ನೋಯ್ತಿದೆಯಾ?"

"ಮೆತ್ತಗೆ ಮಾತಾಡೋ ಮಾರಾಯ! ಗೊರಸಿಗೆ ಏನೋ ಚುಚ್ಚಿದೆ, ತಾನಾಗೇ ಹೋಗುತ್ತೆ. ಯಾರ ಹತ್ತಿರನಾದರೂ ಬಾಯಿಬಿಟ್ಟೆಯೋ, ನಮ್ಮ ಗೆಳೆತನ ಅಲ್ಲಿಗೆ ಮುಗೀತು!"

ಬೂದನ ಕಿವಿಗಳು ಜೋಲುಬಿದ್ದವು. ಅಂದಿನಿಂದ ಅವನು ಅವಳ ಎಡಮಗ್ಗುಲಿಗೇ ಅಂಟಿಕೊಂಡು ನಡೆದ. ಕುಂಟುವುದು ಯಾರಿಗೂ ಕಾಣಬಾರದಲ್ಲ!

ಆದರೆ ಮರದ ಮೇಲಿದ್ದವರ ಕಣ್ಣು ತಪ್ಪಿಸುವುದು ಹೇಗೆ? ಅಲ್ಲಿ ಮುಸುವಜ್ಜಿ ಎಂಬ ಮುದಿ ಕೋತಿ ಕೂತಿದ್ದಳು. ಕಾಡಿನವರ ಕಾಲಿಗೆ ಚುಚ್ಚಿದ ಮುಳ್ಳನ್ನೆಲ್ಲ ಉಗುರಿನಲ್ಲೇ ಕೀಳುತ್ತಿದ್ದವಳು ಅವಳು.

"ಏನೇ ಚವರಿ, ಹೆಜ್ಜೆಹೆಜ್ಜೆಗೂ ತಲೆ ಕುಣಿಸ್ತಿದ್ದೀಯ? ಕಾಲು ಕೊಡು, ಗೊರಸು ಬಿಸಿಯಾಗಿದೆಯಾ ನೋಡ್ತೀನಿ."

"ಕಾಲಿಗೇನಾಗಿದೆ ಅಜ್ಜಿ? ನೊಣದ ಕಾಟ. ಕಣ್ಣಿಗೇ ಮುತ್ತುತ್ತವೆ."

ಅಜ್ಜಿಗೆ ನಂಬಿಕೆ ಬರಲಿಲ್ಲ. "ಬೂದ, ಪಕ್ಕದಲ್ಲೇ ನಡೆಯೋನು ನೀನು. ನಿಜ ಹೇಳು ಮಗಾ, ನೊಣಾನಾ, ಕಾಲಾ?"

ಚವರಿ ಅವನನ್ನು ದುರುಗುಟ್ಟಿ ನೋಡಿದಳು. ಪಾಪ, ಬೂದನಿಗೆ ಹುಲಿಗಿಂತ ಅವಳ ಸಿಟ್ಟಿನ ಭಯವೇ ಹೆಚ್ಚು.

"ನೊಣಾನೇ ಅಜ್ಜಿ," ಅಂದುಬಿಟ್ಟ.

ದಿನ ಕಳೆದಂತೆ ಗೊರಸಿನೊಳಗೆ ಕೀವು ತುಂಬಿತು. ಒಂದು ಸಂಜೆ ಹಿಂಡು ಗುಡ್ಡ ಇಳಿಯುತ್ತಿತ್ತು. ಕಡಿದಾದ ಜಾಗದಲ್ಲಿ ಚವರಿಯ ಮೈಭಾರವೆಲ್ಲ ಎಡಗಾಲಿನ ಮೇಲೆ ಬಿತ್ತು. ನೋವು ತಡೆಯಲಾರದೆ ಕಾಲೆತ್ತಿದಳು, ಆಯ ತಪ್ಪಿತು, ಬಂಡೆಗಳ ಮೇಲೆ ಉರುಳಿಹೋದಳು. ಬೆನ್ನು ಮುರಿಯಿತು.

ಮುಸುವಜ್ಜಿ ಓಡಿಬಂದಳು. ಬೂದ ಈಗ ಗಂಟಲು ಹರಿಯುವಂತೆ ಕೂಗಿದ: "ಎಡಗಾಲು ಅಜ್ಜಿ! ಎಡಗಾಲು!"

ಅಜ್ಜಿ ಮುಟ್ಟಿ ನೋಡಿದರೆ ಗೊರಸು ಕೆಂಡದಂತೆ ಸುಡುತ್ತಿತ್ತು. ಉಗುರು ಹಾಕಿ ಎಳೆದಳು. ಹುಣಸೆಬೀಜದಷ್ಟು ಕಲ್ಲಿನ ಚೂರು ಹೊರಬಂತು, ಹಿಂದೆಯೇ ಕೀವು ಹರಿಯಿತು.

"ಇಷ್ಟೇನಾ ಅಜ್ಜಿ?" ಚವರಿ ಕೇಳಿದಳು.

"ಇಷ್ಟೇ ಕಣಮ್ಮ."

"ಈಗ ಕಾಲು ಹಾಯಾಗಿದೆ. ನಾಳೆ ಮುಂದೆ ನಡೆಯಬಹುದಾ?"

ಅಜ್ಜಿ ಅವಳ ಹಣೆ ಸವರುತ್ತಾ ಕೂತಳು. ಕತ್ತಲಾಗುವ ಮೊದಲೇ ಚವರಿಯ ಉಸಿರು ನಿಂತಿತು.

ಹಿಂಡು ಕೊಳಕ್ಕೆ ಇಳಿದುಹೋಯಿತು. ಬೂದ ಅಲ್ಲಿಂದ ಕದಲಲಿಲ್ಲ. "ಬಾರೋ ಮಗಾ," ಎಂದು ಅಜ್ಜಿ ಕರೆದಳು.

"ಹೇಳಿದ್ದರೆ ಅವಳು ನನ್ನ ಜೊತೆ ಮಾತು ಬಿಡ್ತಿದ್ದಳು ಅಜ್ಜಿ," ಅಂದ ಬೂದ. "ಬಿಡಲಿ. ದಡದಲ್ಲಿ ಆ ಕಡೆ ಮುಖ ತಿರುಗಿಸಿಕೊಂಡು ನಿಂತಿರ್ತಿದ್ದಳು. ನಾನು ಈ ಕಡೆಯಿಂದ ಅವಳನ್ನ ನೋಡ್ಕೊಂಡು ಇರ್ತಿದ್ದೆ."

ನೀತಿ: ಗೆಳೆಯರು ಮುನಿಸಿಕೊಂಡರೂ ಚಿಂತೆಯಿಲ್ಲ, ಅವರ ನೋವನ್ನು ವಾಸಿಮಾಡಬಲ್ಲವರಿಗೆ ತಡಮಾಡದೆ ಹೇಳಿಬಿಡಬೇಕು.