ಗಂಟಿನಲ್ಲಿ ನಿಂತ ದೀಪ

"ಲಕ್ಷಣಗಳೆಲ್ಲ ಸರಿಯಿವೆ ಗುರುಗಳೇ, ಆದರೂ ಮನಸ್ಸು ಬೇಡ ಎನ್ನುತ್ತಿದೆ. ವೈದ್ಯನಾದವನು ಯಾವುದನ್ನು ನಂಬಬೇಕು?" ಎಂದು ಶಾಂತವೀರ ಕೇಳಿದ.

ಅವನು ಪಂಡಿತರ ಬಳಿ ವೈದ್ಯವಿದ್ಯೆ ಕಲಿಯುತ್ತಿದ್ದ. ಒಳಕೋಣೆಯಲ್ಲಿ ಅವನು ನೋಡಿಕೊಳ್ಳುತ್ತಿದ್ದ ಬಾಣಂತಿ ಮಲಗಿದ್ದಳು. ಜ್ವರ ಬಿಟ್ಟಿದೆ, ನಾಡಿ ಸಮವಾಗಿದೆ ಎಂದು ಅವನೇ ಬರೆದಿಟ್ಟಿದ್ದ. ಅವಳನ್ನು ಊರಿಗೆ ಕರೆದೊಯ್ಯಲು ಗಂಡ ಗಾಡಿ ಕಟ್ಟಿಸಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದ. ಅವರ ಊರು ಒಂದು ದಿನದ ದಾರಿ. ನಡುವೆ ಏನಾದರೂ ಆದರೆ ನೋಡುವವರು ಯಾರೂ ಇರಲಿಲ್ಲ.

ಪಂಡಿತರು ಬೇರು ಕುಟ್ಟುವುದನ್ನು ನಿಲ್ಲಿಸಲಿಲ್ಲ. ಗಾಡಿ ಸ್ವಲ್ಪ ಹೊತ್ತು ನಿಲ್ಲಲಿ, ಎತ್ತುಗಳೇನೂ ಬೇಸರ ಮಾಡಿಕೊಳ್ಳುವುದಿಲ್ಲ ಎಂದರು. ಆಮೇಲೆ ಕತೆ ಹೇಳಿದರು.

ಒಬ್ಬ ಬಾವಿ ತೋಡುವವನಿದ್ದ. ಅವನಿಗೊಬ್ಬ ತಮ್ಮ. ಇಬ್ಬರೂ ಕೂಡಿಯೇ ಕೆಲಸ ಮಾಡುತ್ತಿದ್ದರು. ಆಳದ ಬಾವಿಯಲ್ಲಿ ಕೆಟ್ಟ ಗಾಳಿ ನಿಲ್ಲುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ, ಇಳಿದವನು ಮಾತ್ರ ಮೇಲೆ ಬರುವುದಿಲ್ಲ. ಅದಕ್ಕೇ ಅವರು ದಿನವೂ ಮೊದಲು ಹಗ್ಗದಲ್ಲಿ ದೀಪ ಇಳಿಸುತ್ತಿದ್ದರು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಆ ದಿನ ಕೆಲಸವಿಲ್ಲ. ಒಳ್ಳೆಯ ಕಟ್ಟಳೆ ಅದು, ನಗಬೇಡ. ದೀಪ ತಳ ಮುಟ್ಟಲು ಹಗ್ಗವನ್ನು ಎಲ್ಲಿಯವರೆಗೆ ಬಿಡಬೇಕೆಂದು ಗೊತ್ತಾಗಲು ಅದಕ್ಕೊಂದು ಗಂಟು ಹಾಕಿದ್ದರು.

ನಾಲ್ಕು ದಿನ ಕೆಲಸ ನಿಂತಿತ್ತು. ಐದನೆಯ ದಿನ ಅಣ್ಣ ದೀಪ ಇಳಿಸಿದ. ಗಂಟು ಕೈಗೆ ಬಂತು. ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ತಮ್ಮ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಒಂದು ಕಾಲು ಒಳಗೆ ಇಟ್ಟ. ಅಷ್ಟರಲ್ಲಿ ಅಣ್ಣನ ಮನಸ್ಸು ಬೇಡ ಎಂದಿತು. ತಡಿ ಎಂದ. ಯಾಕೆಂದು ಅವನಿಗೇ ಗೊತ್ತಿರಲಿಲ್ಲ.

"ದೀಪ ಉರೀತಾ ಇದೆಯಲ್ಲಣ್ಣ, ಇನ್ನೇನು ಬೇಕು ನಿನಗೆ?" ಎಂದ ತಮ್ಮ. ಇನ್ನೊಂದು ಕಾಲನ್ನೂ ಒಳಗೆ ಇಟ್ಟ.

ಅಣ್ಣ ಒಂದು ಕೈಯಿಂದ ತಮ್ಮನ ರಟ್ಟೆ ಹಿಡಿದ. ಇನ್ನೊಂದು ಕೈಯಲ್ಲಿ ದೀಪದ ಹಗ್ಗವಿತ್ತು. ಅದು ಭಾರವಾಗಿತ್ತು. ತಳ ಮುಟ್ಟಿದ ದೀಪದ ಹಗ್ಗ ಸಡಿಲವಾಗಬೇಕು, ಇದು ಬಿಗಿಯಾಗಿಯೇ ಇತ್ತು. ಅವನು ಗಂಟು ದಾಟಿಸಿ ಹಗ್ಗ ಬಿಟ್ಟ. ಒಂದು ಮೊಳ ಬಿಟ್ಟ, ಇನ್ನೊಂದು ಮೊಳ ಬಿಟ್ಟ. ದೀಪ ಕುಗ್ಗಿತು. ಮೂರನೆಯ ಮೊಳಕ್ಕೆ ಆರಿಹೋಯಿತು. ಗಂಟು ಹಾಕಿದ ಮೇಲೆ ಬಾವಿಯನ್ನು ಎರಡು ಆಳಿನುದ್ದ ಕೆಳಗೆ ತೋಡಿದ್ದರು. ಗಂಟನ್ನು ಸರಿಸುವುದು ಇಬ್ಬರಿಗೂ ನೆನಪಾಗಿರಲಿಲ್ಲ. ತಮ್ಮನನ್ನು ಎಳೆದುಕೊಂಡು ಅಣ್ಣ ಮಣ್ಣಿನ ಮೇಲೆ ಕೂತುಬಿಟ್ಟ.

ಇಷ್ಟು ಕೇಳಿ ಶಾಂತವೀರನ ಮುಖ ಅರಳಿತು. ಹಾಗಾದರೆ ಮನಸ್ಸಿನ ಮಾತನ್ನೇ ನಂಬಬೇಕು, ಗಾಡಿಯನ್ನು ಈಗಲೇ ಬಿಚ್ಚಿಸುತ್ತೇನೆ ಎಂದು ಎದ್ದ.

"ಕೂತುಕೋ ಮಾರಾಯ, ಕತೆ ಇನ್ನೂ ಮುಗಿದಿಲ್ಲ," ಎಂದು ಪಂಡಿತರು ಗದರಿದರು.

ಮರುವಾರವೂ ಅಣ್ಣನ ಮನಸ್ಸು ಹಾಗೆಯೇ ಬೇಡ ಎಂದಿತು. ಹಿಂದಿನದಕ್ಕಿಂತ ಜೋರಾಗಿಯೇ ಹೇಳಿತು. ಈ ಸಲ ಹಗ್ಗ ಸಡಿಲವಾಗುವ ತನಕ ದೀಪ ಬಿಟ್ಟ. ತಳ ಮುಟ್ಟಿಯೂ ದೀಪ ಉರಿಯಿತು. ಬಹಳ ಹೊತ್ತು ಕಾದ, ಆಗಲೂ ಉರಿಯಿತು. ಹೆದರುತ್ತಲೇ ತಾನೇ ಇಳಿದ. ಸಂಜೆಯವರೆಗೆ ತೋಡಿದ. ಏನೂ ಆಗಲಿಲ್ಲ. ಅವತ್ತೇ ನೀರು ಬಂತು.

ಶಾಂತವೀರ ನಿಂತೇ ಇದ್ದ. ಹೊರಗೆ ಬಾಣಂತಿಯ ಗಂಡ ಹೊರಡೋಣವೇ ಎಂದು ಕೂಗಿ ಕೇಳಿದ. ಪಂಡಿತರು ಕುಟ್ಟಾಣಿಯನ್ನು ಬದಿಗಿಟ್ಟರು. ಬಾಣಂತಿಯ ನಾಡಿ ಹಿಡಿದು ನೋಡಿದ್ದು ಯಾವಾಗ ಎಂದು ಕೇಳಿದರು. ಬೆಳಿಗ್ಗೆ, ಸೂರ್ಯ ಹುಟ್ಟುವ ಹೊತ್ತಿಗೆ ಎಂದ ಶಾಂತವೀರ. ಆಗ ಮಧ್ಯಾಹ್ನ ಕಳೆದಿತ್ತು.

"ಹಾಗಾದರೆ ನಿನ್ನ ದೀಪ ಇನ್ನೂ ಗಂಟಿನಲ್ಲೇ ತೂಗುತ್ತಿದೆ," ಎಂದರು ಪಂಡಿತರು.

ಶಾಂತವೀರ ಮತ್ತೆ ನಾಡಿ ನೋಡಲು ಒಳಕೋಣೆಗೆ ಹೋದ.