ಮೀಟರ್ ದೀಪ ಆರಿದ ಕಾರು

"ಬುದ್ಧೀ, ನಾನು ಧ್ಯಾನಕ್ಕೆ ಕೂರದೆ ಆರು ತಿಂಗಳಾಯಿತು. ಆದರೂ ನನ್ನ ಪ್ರವಚನಕ್ಕೆ ಜನ ಮುಗಿಬಿದ್ದು ಬರುತ್ತಾರೆ. ನಾನು ಧ್ಯಾನ ಬಿಟ್ಟರೆ ಯಾರಿಗೇನು ನಷ್ಟ?" ಎಂದು ಶಿಷ್ಯ ಕೇಳಿದ. ಕೇಳುವಾಗ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ಗುರುಗಳು ಬೈದಾರು ಎಂದುಕೊಂಡಿದ್ದ. ಅವರು ಕತೆ ಹೇಳಿದರು.

ಒಬ್ಬ ಹೂವಿನ ವ್ಯಾಪಾರಿ ಇದ್ದ. ಅವನದೊಂದು ಹಳೆಯ ಕಾರು. ದಿನಾ ನಸುಕಿನಲ್ಲಿ ಹೂವಿನ ಮೂಟೆ ಹೇರಿಕೊಂಡು ಪೇಟೆಗೆ ಹೊರಡುತ್ತಿದ್ದ. ಉಳಿದ ಮೂಟೆಯನ್ನು ಸ್ಕೂಟರಿಗೆ ಕಟ್ಟಿಕೊಂಡು ಅವನ ತಮ್ಮ ಹಿಂದೆ ಬರುತ್ತಿದ್ದ. ಸ್ಕೂಟರಿನ ದೀಪ ಮಂಕು. ಮಂಜು ಬಿದ್ದ ದಿನ ಅಣ್ಣನ ಕಾರಿನ ಹಿಂದಿನ ಕೆಂಪು ದೀಪ ನೋಡಿಕೊಂಡೇ ಅವನು ದಾರಿ ಸಾಗಿಸಬೇಕು.

ಒಂದು ಸಂಜೆ ಕಾರಿನೊಳಗೆ ಸ್ಪೀಡು ತೋರಿಸುವ ಮೀಟರ್ ದೀಪ ಹತ್ತಲಿಲ್ಲ. ಹೆಡ್‌ಲೈಟ್ ಮಾತ್ರ ಝಗಝಗ ಉರಿಯುತ್ತಿತ್ತು. ವ್ಯಾಪಾರಿ ದಾರಿಯಲ್ಲಿ ಸಿಕ್ಕ ಮೆಕ್ಯಾನಿಕ್‌ಗೆ ಸುಮ್ಮನೆ ಮಾತಿಗೆ ಹೇಳಿದ.

"ಅಣ್ಣಾ, ಈ ಹಳೇ ಗಾಡೀಲಿ ಮೀಟರ್ ದೀಪಕ್ಕೂ ಹಿಂದಿನ ಕೆಂಪು ದೀಪಕ್ಕೂ ಒಂದೇ ಫ್ಯೂಸು. ಐದು ನಿಮಿಷ ನಿಲ್ಲಿ, ನೋಡ್ಬಿಡ್ತೀನಿ" ಎಂದ ಮೆಕ್ಯಾನಿಕ್.

"ಅಯ್ಯೋ, ಸ್ಪೀಡು ನನ್ನ ಕಾಲಿಗೇ ಗೊತ್ತಾಗುತ್ತೆ ಬಿಡಪ್ಪ. ಮುಂದಿನ ದಾರಿ ಕಂಡ್ರೆ ಸಾಲ್ದಾ? ಮನೇಲಿ ಹೂವು ರಾಶಿ ಬಿದ್ದಿದೆ, ನಾಳೆ ನೋಡೋಣ" ಎಂದು ವ್ಯಾಪಾರಿ ಹೊರಟೇಬಿಟ್ಟ. ಇಳಿದು ಕಾರಿನ ಹಿಂದಕ್ಕೆ ನಾಲ್ಕು ಹೆಜ್ಜೆ ಹಾಕಿದ್ದರೂ ಸಾಕಿತ್ತು. ಹಾಕಲಿಲ್ಲ, ಪುಣ್ಯಾತ್ಮ.

ಮರುದಿನ ನಸುಕಿನಲ್ಲಿ ದಟ್ಟ ಮಂಜು. ಮೂಟೆ ಬಿಗಿಯುತ್ತಿದ್ದ ತಮ್ಮ, "ನೀನು ಮುಂದೆ ಹೋಗಿರು, ಹಿಂದೆಯೇ ಬಂದೆ" ಎಂದ. ಎರಡು ಮೈಲಿ ಹೋದ ಮೇಲೂ ತಮ್ಮ ಕಾಣಲಿಲ್ಲ. ಪಾಪ, ಮಂಜಿನಲ್ಲಿ ಒಬ್ಬನೇ ಬರುತ್ತಾನಲ್ಲ ಎಂದು ಅಣ್ಣನಿಗೆ ಅನ್ನಿಸಿತು. ಕಾರನ್ನು ರಸ್ತೆಯ ಮಗ್ಗುಲಿಗೆ ನಿಲ್ಲಿಸಿ ಕಾದ. ತಮ್ಮ ಕೆಂಪು ದೀಪವನ್ನು ಹುಡುಕುತ್ತ ಬಂದ. ಅದು ಎಲ್ಲೂ ಕಾಣದ್ದರಿಂದ ಅಣ್ಣ ಇನ್ನೂ ದೂರ ಇದ್ದಾನೆಂದು ವೇಗ ಹೆಚ್ಚಿಸಿದ. ನಿಂತಿದ್ದ ಕಾರಿಗೇ ಬಂದು ಬಡಿದ. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಬದುಕಲಿಲ್ಲ.

ಮಣ್ಣು ಮಾಡಿದ ಮಾರನೆಯ ದಿನ ಮೆಕ್ಯಾನಿಕ್ ತಾನಾಗಿಯೇ ಬಂದು ಫ್ಯೂಸ್ ಹಾಕಿದ. ಮೀಟರ್ ದೀಪ ಹತ್ತಿತು, ಹಿಂದಿನ ಕೆಂಪು ದೀಪವೂ ಹತ್ತಿತು. ವ್ಯಾಪಾರಿ ಅದನ್ನು ನೋಡಲಾರದೆ ಗೋಡೆಗೆ ಹಣೆ ಚಚ್ಚಿಕೊಂಡು ಅತ್ತ.

ಕತೆ ಮುಗಿಯಿತೆಂದು ಶಿಷ್ಯ ಏಳಹೊರಟ. ಗುರುಗಳು ಅವನ ಕೈ ಹಿಡಿದು ಕೂರಿಸಿದರು.

"ನಿನ್ನನ್ನು ನಂಬಿ ಹಿಂದೆ ಬರುತ್ತಿರುವವರು ಈಗ ಎಷ್ಟು ಜನ?"